ಪುರಾಣದ ಆಯಿ ಓದಿದ ಕಾಗದ

ಆಯಿಯ ಕನ್ನಡಕದ ಬಲಗಣ್ಣಿನ ಗಾಜು ಮೇಲಿಂದ ಕೆಳಗೆ ಸೀಳಿತ್ತು. ಗಂಡಸರ ದಪ್ಪ ಕಪ್ಪು ಚೌಕಟ್ಟು. ಒಂದು ಕಡ್ಡಿ ಮುರಿದುಹೋಗಿ ಆ ಕಡೆ ದಾರ ಕಟ್ಟಿತ್ತು. ಅದನ್ನು ಮೂಗಿನ ಮೇಲಿಟ್ಟು, ದಾರವನ್ನು ಕಿವಿಗೆ ಎರಡು ಸುತ್ತು ಸುತ್ತಿ, ಸೆರಗು ಸರಿಮಾಡಿಕೊಂಡಳೆಂದರೆ ಮಠದಲ್ಲಿ ಮಾತು ನಿಲ್ಲುತ್ತಿತ್ತು. ಹೊಸ ಗಾಜು ಹಾಕಿಸಿಕೊಡುತ್ತೇವೆ ಎಂದು ಎಷ್ಟೋ ಮಂದಿ ಕೇಳಿದ್ದರು. "ಇದರಾಗೇ ನನಗ ಛಲೋ ನಡೀತದ" ಎಂದು ಆಯಿ ಅದನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದಳು. ಆ ಸೀಳಿನಲ್ಲಿ ಅವಳಿಗೆ ಅಕ್ಷರ ಹೇಗೆ ಕಾಣುತ್ತದೆ ಎಂದು ಯಾರೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ, ಯೋಚಿಸಿದ್ದರೆ ಚೆನ್ನಾಗಿತ್ತು.

ನಮ್ಮ ಊರು ಔರಾದ ಶಹಾಜನಿ, ಗಡಿಗೆ ಹತ್ತಿದ ಮಹಾರಾಷ್ಟ್ರದ ಊರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡನ್ನೂ ಕಲಸಿದ್ದು. ಕನ್ನಡ ಮಾತಾಡುವವರು ಓಣಿ ತುಂಬ ಇದ್ದರು. ಓದುವವರನ್ನು ಎಣಿಸಲು ಒಂದು ಕೈಯ ಬೆರಳು ಸಾಕಾಗಿ ಉಳಿಯುತ್ತಿದ್ದವು. ಬಟ್ಟೆ ಅಂಗಡಿ ನಡೆಸುತ್ತಿದ್ದ ನನ್ನಪ್ಪ ಮರಾಠಿ ಪೇಪರನ್ನು ಕೊನೆಯ ಜಾಹೀರಾತಿನವರೆಗೆ ಬಿಡದೆ ಓದುತ್ತಿದ್ದ. ಬೀದರಿನ ಕಡೆಯ ಬಸ್ಸಿನ ಕನ್ನಡ ಬೋರ್ಡು ಎದುರಿಗೆ ಬಂದರೆ ಮಾತ್ರ ಕಂಡಕ್ಟರನ ಮುಖ ನೋಡುತ್ತಿದ್ದ. ಇಂಥ ಊರಿನ ಮಠದಲ್ಲಿ ಶ್ರಾವಣದ ಒಂದು ತಿಂಗಳು ಶರಣರ ಪುರಾಣ ಕನ್ನಡದಲ್ಲಿ ನಡೆಯಬೇಕು. ಅದನ್ನು ಓದುತ್ತಿದ್ದವರು ನಮ್ಮ ಪಕ್ಕದ ಮನೆಯ ಅಜ್ಜ, ಓಣಿಗೆಲ್ಲ ಮುತ್ಯಾ. ನಾನು ಆರು ವರ್ಷದವಳಿದ್ದಾಗ ಅವರು ತೀರಿಕೊಂಡರು. ಆ ಶ್ರಾವಣಕ್ಕೆ ಊರ ಹಿರಿಯರು ಪುಸ್ತಕವನ್ನು ಅವರ ಹೆಂಡತಿಯ ತೊಡೆಯ ಮೇಲೆ ತಂದಿಟ್ಟು, "ಮುತ್ಯಾನ ಬಾಜೂ ಮೂವತ್ತು ವರ್ಷ ಕೂತಾಳ, ಈಕಿನೇ ಓದಲಿ" ಎಂದರು. ಅಂದಿನಿಂದ ಅವಳು ಊರಿಗೆಲ್ಲ ಪುರಾಣದ ಆಯಿ.

ಪುಸ್ತಕ ದೊಡ್ಡದು, ತೊಲೆಯಂಥ ಭಾರ. ದಪ್ಪ ಅಕ್ಷರ, ಆರಾರು ಸಾಲಿನ ಪದ್ಯ, ಪದ್ಯದ ಕೊನೆಗೆ ಅಂಕಿ. ಆಯಿ ತೋರುಬೆರಳಿಗೆ ಚೂರು ವಿಭೂತಿ ಹಚ್ಚಿಕೊಂಡು ಸಾಲಿನ ಕೆಳಗೆ ಎಳೆಯುತ್ತ ಹೋಗುತ್ತಿದ್ದಳು. ಸಾಲು ಮುಗಿದಲ್ಲಿ ಉಸಿರು, ಅಂಕಿ ಬಂದಲ್ಲಿ ಬೆರಳಿಗೆ ವಿಶ್ರಾಂತಿ. ಒಂದೊಂದು ಹಾಳೆಗೂ ಒಂದೊಂದು ಕಲೆ: ದೀಪದ ಎಣ್ಣೆ, ಕುಂಕುಮ, ಯಾವುದೋ ಕಾಲದ ಲಾಡಿನ ತುಪ್ಪ. "ಹಾಳಿಗೊಂದು ಗುರುತ ಅದ, ನನಗ ನಂಬರ ಬ್ಯಾಡ" ಎನ್ನುತ್ತಿದ್ದಳು. ಯಾವ ಕಥೆ ಕೇಳಿದರೂ ಕ್ಷಣದಲ್ಲಿ ಅದೇ ಹಾಳೆ ತೆರೆಯುತ್ತಿದ್ದಳು, ಜನ ತಲೆದೂಗುತ್ತಿದ್ದರು.

ನಾನು ಎಂಟು ವರ್ಷದವಳಿದ್ದಾಗ ನಮ್ಮ ಮನೆಗೊಂದು ಕಾಗದ ಬಂತು. ಅವ್ವನ ತವರು ಗಡಿಯ ಆಚೆ, ಭಾಲ್ಕಿಯ ಕಡೆಯ ಒಂದು ಹಳ್ಳಿ. ಸೋದರಮಾವ ಕನ್ನಡದಲ್ಲಿ ಬರೆದಿದ್ದ. ಮೊದಲು ಇಂಥ ಕಾಗದಗಳನ್ನು ಮುತ್ಯಾ ಓದಿ ಹೇಳುತ್ತಿದ್ದರು, ಈಗ ಆಯಿ. ಅವ್ವ ನನ್ನ ಕೈ ಹಿಡಿದುಕೊಂಡು ಅವರ ಮನೆಗೆ ಹೋದಳು. ಆಯಿ ಕನ್ನಡಕ ಹಾಕಿಕೊಂಡು ಕಾಗದವನ್ನು ಬಹಳ ಹೊತ್ತು ನೋಡಿದಳು. ಹೊರಗೆ ಮಳೆ ಹಿಡಿದಿತ್ತು. "ಎಲ್ಲಾರೂ ಆರಾಮ ಅದಾರಂತ" ಎಂದಳು ಕೊನೆಗೆ. "ದಸರಾಕ್ಕ ಬರ್ತೀನಿ ಅಂದಾನ ನಿಮ್ಮಣ್ಣ." ಅವ್ವನ ಮುಖ ಅರಳಿತು. ಕಾಗದವನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.

ಒಂಬತ್ತನೇ ದಿನ ಮಾವನೇ ಬಂದ. ಬಾಗಿಲಲ್ಲಿ ನಿಂತವನು ಒಳಗೆ ಕಾಲಿಡಲಿಲ್ಲ. ಅಜ್ಜಿ ತೀರಿಕೊಂಡು ನಾಲ್ಕು ದಿನವಾಗಿತ್ತು. "ಅವ್ವ ಜೀವ ಹಿಡ್ಕೊಂಡು ನಿನ್ನ ದಾರಿ ನೋಡ್ಲತ್ತಾಳ, ಕೂಡಲೇ ಬಾ ಅಂತ ಬರದೆ. ಯಾಕ ಬರಲಿಲ್ಲ?" ಎಂದ. ಅವ್ವ ನಂಬಲಿಲ್ಲ. "ಸುಳ್ಳ ಹೇಳಬ್ಯಾಡ. ಪುರಾಣದ ಆಯಿ ಓದ್ಯಾಳ, ಆಕಿ ಸುಳ್ಳ ಹೇಳ್ತಾಳೇನು?" ಎಂದು ಕೂಗಿ, ಆ ಕಾಗದ ತಂದು ಮಾವನ ಕಣ್ಣೆದುರೇ ಒಲೆಗೆ ಹಾಕಿದಳು. ಮಾವ ಬಾಗಿಲಿಂದಲೇ ತಿರುಗಿ ಹೋದ. ಅಣ್ಣ ತಂಗಿಯರ ಮಾತು ಅಲ್ಲಿಗೆ ಮುಗಿಯಿತು. ಎರಡು ವರ್ಷದ ಹಿಂದೆ ಮಾವ ತೀರಿಕೊಂಡಾಗಲೂ ಅವ್ವ ಮಣ್ಣಿಗೆ ಹೋಗಲಿಲ್ಲ.

ಅಜ್ಜಿ ಹೋದ ತಿಂಗಳೊಪ್ಪತ್ತಿನಲ್ಲಿ ಆಯಿ ನಮ್ಮ ಮನೆಗೆ ಬಂದು ಅವ್ವನಿಗೆ ಹೇಳಿದಳು: "ಹುಡುಗಿನ್ನ ದಿನಾ ಮುಂಜಾನಿ ನನ್ನ ಕಡೆ ಕಳಸು. ಕನ್ನಡ ಅಕ್ಷರ ಕಲಿಲಿ." ಓಣಿಯಲ್ಲಿ ಅಷ್ಟೊಂದು ಹುಡುಗಿಯರಿರುವಾಗ ನನಗೊಬ್ಬಳಿಗೇ ಈ ಶಿಕ್ಷೆ ಯಾಕೆಂದು ನಾನು ಮುಖ ಊದಿಸಿಕೊಂಡು ಹೋದೆ.

ಅವಳು ಕಲಿಸಿದ ರೀತಿ ವಿಚಿತ್ರ. ಹಲಗೆ ಇಲ್ಲ, ಬಳಪ ಇಲ್ಲ, ಅ ಆ ಇ ಈ ಇಲ್ಲ. ನನ್ನನ್ನು ಪುಸ್ತಕದ ಮುಂದೆ ಕೂರಿಸಿ, ನನ್ನ ಬೆರಳನ್ನು ತನ್ನ ಬೆರಳಿನ ಕೆಳಗೆ ಹಿಡಿದು, ಸಾಲಿನುದ್ದಕ್ಕೂ ನಿಧಾನ ಎಳೆಯುತ್ತ ಪದ್ಯ ಹೇಳುತ್ತಿದ್ದಳು. "ಇದು ಯಾವ ಅಕ್ಷರ ಆಯಿ?" ಎಂದರೆ, "ನೋಡ್ಕೋತ ಹೋಗು, ತಾನೇ ತಿಳೀತದ" ಎನ್ನುತ್ತಿದ್ದಳು. ಒಂದೇ ಪದ್ಯ ಹದಿನೈದು ದಿನ. ಮೊದಲು ತಿಳಿದದ್ದು "ಶಿವ". ಅದು ಸಾಲುಸಾಲಿಗೂ ಬರುತ್ತಿತ್ತು. ಅವಳ ಬಾಯಲ್ಲಿ ಬಂದಾಗಲೆಲ್ಲ ಬೆರಳ ಕೆಳಗೆ ಅದೇ ಎರಡು ಅಕ್ಷರ. ಆಮೇಲೆ ಒಂದರ ಹಿಂದೆ ಒಂದು ಅಕ್ಷರಗಳು ತಾವಾಗಿಯೇ ಬಾಯಿ ಬಿಟ್ಟವು.

ಒಂದು ದಿನ ಬೆರಳು ಎಳೆಯುತ್ತಿದ್ದವಳು "ಶಿವ" ಎಂದಳು. ನಾನು ಬೆರಳ ಕೆಳಗೆ ನೋಡಿದೆ. "ಆಯಿ, ಇಲ್ಲಿ ಶಿವ ಇಲ್ಲ" ಎಂದೆ. ಅವಳು ಕೇಳದವಳಂತೆ ಮುಂದೆ ಹೋದಳು. ನಾನು ಬೆರಳು ಕಿತ್ತುಕೊಂಡೆ. "ನೀ ಹೇಳೋದೇ ಬ್ಯಾರೆ, ಇಲ್ಲಿ ಬರದದ್ದೇ ಬ್ಯಾರೆ!" ಆಯಿಯ ಕೈ ಪುಸ್ತಕದ ಮೇಲೆ ಹಾಗೇ ನಿಂತಿತು. ತುಪ್ಪದ ಕಲೆಯಿಂದ ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ತಿರುವಿಬಿದ್ದಿದ್ದವು. ಅವಳು ಅವನ್ನು ಉಗುರಿನಿಂದ ಬಿಡಿಸಿದಳು. ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಎಂಟು ವರ್ಷದ ನನ್ನನ್ನು ಕಂಡು ದೊಡ್ಡವರೊಬ್ಬರು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಇವತ್ತಿಗಿ ಸಾಕು, ಮನಿಗಿ ಹೋಗು" ಎಂದಳು. ಮರುದಿನ ಹೋದಾಗ, "ಇನ್ನ ಮ್ಯಾಲ ನೀ ಓದು, ನಾ ಕೇಳ್ತೀನಿ" ಎಂದಳು. ನಾನು ಓದುತ್ತಿದ್ದೆ, ತಪ್ಪಿದರೆ ರೊಟ್ಟಿ ಬಡಿಯುತ್ತಲೇ ಅಡುಗೆಮನೆಯಿಂದ ತಿದ್ದುತ್ತಿದ್ದಳು.

ಅದೇ ವರ್ಷದಿಂದ ಆಯಿ ಒಂದು ನೇಮ ಹಿಡಿದಳು. ಪುರಾಣ ಬಿಟ್ಟು ಬೇರೆ ಯಾವ ಕಾಗದವನ್ನೂ ಓದುವುದಿಲ್ಲ. ಮದುವೆ ಪತ್ರಿಕೆ ತಂದರೂ ಇಲ್ಲ, ಆಸ್ಪತ್ರೆ ಚೀಟಿ ತಂದರೂ ಇಲ್ಲ. ನಮ್ಮ ಜನ ಹೇಗೆಂದರೆ, ನೇಮ ಅಂದ ಮೇಲೆ ಯಾಕೆ ಅನ್ನುವುದಿಲ್ಲ. ಅದಕ್ಕೂ ಕೈಮುಗಿದು ಹಿಂದಿರುಗುತ್ತಿದ್ದರು. ಆಮೇಲೆ ಕಾಗದಗಳೆಲ್ಲ ನನ್ನ ಹತ್ತಿರ ಬರತೊಡಗಿದವು, ಇವತ್ತಿಗೂ ಬರುತ್ತಿವೆ. ನಿಲಂಗಾದ ತಹಸೀಲ ಕಚೇರಿ ಎದುರು ನನ್ನದೊಂದು ಮೇಜು ಇದೆ. ಗಡಿಯಾಚೆಯ ಹೊಲದ ಪತ್ರ, ಅಣ್ಣತಮ್ಮಂದಿರು ಪಾಲಾದ ವಾಟಣಿ ಪತ್ರ, ಹಳೆಯ ಕನ್ನಡ ದಾಖಲೆಗಳನ್ನು ಮರಾಠಿಗೆ ಮಾಡಿಕೊಡುತ್ತೇನೆ. ಉಮರ್ಗಾದ ವಕೀಲರೂ ಕಳಿಸುತ್ತಾರೆ. ನನ್ನ ಮನೆಯ ಒಲೆ ಹತ್ತುವುದು ಆಯಿ ಕಲಿಸಿದ ಅಕ್ಷರದಿಂದ.

ಹೋದ ವರ್ಷ ಆಷಾಢದಲ್ಲಿ ಮಠದ ಕಮಿಟಿಯ ಸೆಕ್ರೆಟರಿ ನನ್ನ ಮೇಜಿಗೆ ಬಂದರು. ಉತ್ಸಾಹದ ಮನುಷ್ಯ, ಎರಡು ಫೋನು. "ಈ ಸಲ ಮಠದಾಗ ದೊಡ್ಡ ಟಿವಿ ಹಚ್ಚಲತ್ತೀವಿ" ಎಂದರು. "ಪುರಾಣ ಎಲ್ಲಾ ಟೈಪ್ ಮಾಡಿಕೊಡ್ರಿ. ಮ್ಯಾಲ ಕನ್ನಡ, ಕೆಳಗ ಅದೇ ಕನ್ನಡ ನಾಗರಿ ಅಕ್ಷರದಾಗ. ನಮ್ಮ ಪೋರಗೋಳಿಗೂ ಓದ್ಲಾಕ ಬರಲಿ." ನನಗೂ ಹುರುಪು ಬಂತು. ಅವರು ಮುಂದುವರಿಸಿದರು: ಒಂದು ತಿಂಗಳು ಕೂರಲು ಈಗ ಯಾರಿಗೂ ವೇಳೆ ಇಲ್ಲ, ಏಳೇ ದಿನ, ಆಯ್ದ ಸಂಧಿಗಳು. ಪುಸ್ತಕದ ಹಾಳೆ ಹರಿಯುತ್ತಿವೆ, ಅದನ್ನು ಪೂಜೆಗಿಟ್ಟು ಆಯಿ ಟಿವಿ ನೋಡಿಯೇ ಓದಲಿ. "ಆಕಿ ಕಣ್ಣಿಗೂ ಆರಾಮ."

ತಿಂಗಳುಗಟ್ಟಲೆ ಕೆಲಸವನ್ನು ನಾನು ಇಪ್ಪತ್ತೆರಡು ದಿನದಲ್ಲಿ ಮುಗಿಸಿದೆ. ಪ್ರತಿ ಸಂಜೆ ಆಯಿಯ ಮನೆಗೆ ಹೋಗಿ ಎಷ್ಟಾಯಿತೆಂದು ವರದಿ ಒಪ್ಪಿಸುತ್ತಿದ್ದೆ. ಖುಷಿಪಡುತ್ತಾಳೆಂದುಕೊಂಡಿದ್ದೆ. ಅವಳು ಊಟ ಬಿಡತೊಡಗಿದಳು. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. "ಆ ಟಿವಿ ಎಷ್ಟು ದೊಡ್ಡದದ?" ಎಂದು ಒಮ್ಮೆ ಕೇಳಿದಳು. ಗೋಡೆ ತೋರಿಸಿದೆ. "ಅದರಾಗಿಂದು ಎಲ್ಲಾರಿಗೂ ಕಾಣ್ತದಾ?" ಎಂದಳು. ಹಿಂದಿನ ಸಾಲಿನವರಿಗೂ ಕಾಣುತ್ತದೆ ಎಂದೆ. ಅವಳು ಗೋಡೆಯನ್ನೇ ನೋಡುತ್ತ ಕೂತಳು. ಎಂಬತ್ತರ ವಯಸ್ಸು, ಮೈಕು, ಜನ, ಅದಕ್ಕೇ ಅಂಜಿಕೆ ಎಂದುಕೊಂಡೆ ನಾನು, ಜಾಣೆ.

ರೂಢಿಯಾಗಲಿ ಎಂದು ಉದಗೀರಿನಿಂದ ಒಂದು ಟ್ಯಾಬ್ ತಂದು, ಶ್ರಾವಣಕ್ಕೆ ಒಂದು ವಾರವಿದ್ದಾಗ ಅವಳ ತೊಡೆಯ ಮೇಲಿಟ್ಟೆ. ಅಕ್ಷರ ದೊಡ್ಡದು ಮಾಡಿ ತೋರಿಸಿದೆ. ದೊಡ್ಡದು ಮಾಡಿದೊಡನೆ ಆರು ಸಾಲಿನ ಪದ್ಯ ಒಡೆದು ಹನ್ನೊಂದು ಸಾಲಾಯಿತು. "ಓದು ಆಯಿ" ಎಂದೆ.

ಅವಳು ಕನ್ನಡಕ ಹಾಕಿಕೊಂಡು ಆರಂಭದ ಸ್ತುತಿ ಹೇಳತೊಡಗಿದಳು. ಅದೇ ಗಟ್ಟಿ ದನಿ. ಬೆರಳು ತಾಗಿ ಪರದೆ ಸರ್ರನೆ ಮೇಲಕ್ಕೆ ಓಡಿತು. ಅವಳು ಕೈ ಹಿಂದೆಳೆದುಕೊಂಡಳೇ ಹೊರತು ಬಾಯಿ ನಿಲ್ಲಲಿಲ್ಲ.

"ಆಯಿ, ಇದು ಸ್ತುತಿ ಅಲ್ಲ, ಇಪ್ಪತ್ತನೇ ಸಂಧಿ" ಎಂದೆ.

ಬಾಯಿ ನಿಂತಿತು. "ಮೊದಲನೇ ಶಬ್ದ ಹೇಳು" ಎಂದಳು.

"ಎದುರಿಗೇ ಅದಲ್ಲ, ನೋಡು."

"ತಂಗಿ, ನನಗ ಓದ್ಲಾಕ ಬರಲ್ಲ."

ನಾನು ನಕ್ಕೆ. "ಟ್ಯಾಬಿನ್ಯಾಗ ಬರಲ್ಲ ಅಂತೀ ಏನು?"

"ಯಾವುದರಾಗೂ ಬರಲ್ಲ. ಎಂದೂ ಬಂದಿಲ್ಲ."

ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಅವರು ದಿನಾ ಮುಂಜಾನಿ ಓದ್ತಿದ್ರು, ನಾ ರೊಟ್ಟಿ ಬಡಕೋತ ಕೇಳ್ತಿದ್ದೆ. ಮೂವತ್ತು ವರ್ಷ ಕೇಳೀನಿ, ಮಠದಾಗ ಬಾಜೂ ಕೂತು ಯಾವ ಕಥಿಗಿ ಯಾವ ಹಾಳಿ ಅಂತ ನೋಡೀನಿ. ಅವರು ಹೋದ ಮ್ಯಾಲ ಮಂದಿ ಬುಕ್ಕ ತಂದು ಮುಂದಿಟ್ಟರು. ಅವರ ಜಾಗಾ ಖಾಲಿ ಬೀಳಬಾರದು ಅನಿಸ್ತು, ಬ್ಯಾಡ ಅನ್ಲಿಲ್ಲ. ಈ ಚಸ್ಮಾ ಅವರದು, ದೂರ ನೋಡೂದು. ಹಾಕ್ಕೊಂಡ್ರ ಎದುರಿನ ಸಾಲು, ಕಲಿ ಮಸಕ ಕಾಣ್ತಾವ, ಅಕ್ಷರ ಕಾಣಲ್ಲ. ಕಾಣದಿದ್ರೇ ನನಗ ಛಲೋ, ಅವರ ದನಿ ಕೇಳ್ತದ. ಕಲೀಬೇಕಂತ ಭಾಳ ಮಾಡಿದೆ ತಂಗಿ, ನಿನ್ನ ಸಂಗಟ ಕೂತೂ ನೋಡಿದೆ. ಯಾವ ಅಕ್ಷರ ಯಾವುದು ಅಂತ ಯಾರಿಗಿ ಕೇಳಲಿ? ಕೇಳಿದ್ರ ತಿಳೀತದಲ್ಲ."

ನನಗೆ ಮೊದಲು ಹೊಳೆದದ್ದು ಟಿವಿ ಅಲ್ಲ, ಮಠವಲ್ಲ. ಮಳೆ ಹಿಡಿದ ಆ ದಿನ. ನಾನು ಕೇಳಲಿಲ್ಲ, ನನ್ನ ಮುಖ ನೋಡಿ ಅವಳೇ ಹೇಳಿದಳು.

"ಹೌದು. ನಿಮ್ಮವ್ವನ ಕಾಗದ. ನಾ ಏನ್ ಹೇಳಬೇಕಾಗಿತ್ತು? ಮಠದಾಗ ಕೂತು ಎರಡು ಶ್ರಾವಣ ಪುರಾಣ ಓದೀನಿ, ಕಾಗದ ಓದ್ಲಾಕ ಬರಲ್ಲ ಅಂತ ಹ್ಯಾಂಗ ಅನ್ನಲಿ? ಕಾಗದ ಅಂದ್ರ ಎಲ್ಲಾರೂ ಆರಾಮ ಅದಾರ ಅಂತೇ ಇರ್ತದ ಅನ್ಕೊಂಡೆ. ಅವರು ಓದಿದಾಗೆಲ್ಲಾ ಹಂಗೇ ಇರ್ತಿತ್ತು." ಕನ್ನಡಕವನ್ನು ಡಬ್ಬಿಗೆ ಹಾಕಿ ಹೇಳಿದಳು: "ಅದಕ್ಕೇ ನಿನಗ ಕಲಿಸಿದೆ. ನಿಮ್ಮ ಮನ್ಯಾಗ ಒಬ್ಬರಿಗಾರ ಅಕ್ಷರ ಬರಲಿ. ಮತ್ತ ನೀವು ಯಾರ ಬಾಗಲಿಗೂ ಹೋಗಬಾರದು."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಸುಳ್ಳುಗಾರ ಎನಿಸಿಕೊಂಡೇ ಸತ್ತ ಮಾವ, ತಂಗಿಯ ಮನೆಯ ಬಾಗಿಲಲ್ಲಿ ನಿಂತು ತಿರುಗಿ ಹೋದ ಅವನ ಬೆನ್ನು ಕಣ್ಣಿಗೆ ಕಟ್ಟಿತು. ಎದ್ದು ಹೊರಟೇಬಿಟ್ಟೆ. ಹೊಸಿಲಲ್ಲಿ ಚಪ್ಪಲಿ ಮೆಟ್ಟುವಾಗ ಇನ್ನೊಂದು ಮಾತು ತಲೆಗೆ ಬಂದು ಕಾಲು ನಿಂತವು. ಅಕ್ಷರ ಬಾರದವಳು ನನಗೆ ಅಕ್ಷರ ಕಲಿಸಿದ್ದಾಳೆ. ಅವಳಿಗೆ ಗೊತ್ತಿದ್ದದ್ದು ದನಿ ಮಾತ್ರ. ಉಳಿದದ್ದನ್ನು ಪುಸ್ತಕ ಮಾಡಿತ್ತು. ಅಚ್ಚಾದ ಸಾಲು ಇದ್ದಲ್ಲೇ ಇತ್ತು. ಕಲೆ ನೋಡಿ ಹಾಳೆ, ಹಾಳೆ ನೋಡಿ ಪದ್ಯ, ಪದ್ಯದ ಉಸಿರಿಗೆ ಸರಿಯಾಗಿ ಸಾಲು, ಎಲ್ಲ ದಿನವೂ ಅದೇ ಜಾಗದಲ್ಲಿ. ಅದಕ್ಕೇ ಅವಳ ಬಾಯಿ ಮತ್ತು ನನ್ನ ಕಣ್ಣು ಒಂದೇ ಕಡೆ ಸೇರಿದವು. ಈ ಟ್ಯಾಬಿನಲ್ಲಾಗಿದ್ದರೆ ನಾನು ಜನ್ಮದಲ್ಲಿ ಕಲಿಯುತ್ತಿರಲಿಲ್ಲ. ದಿನವಿಡೀ ಪರದೆ ಮೇಲೆ ಓದುವವಳು ನಾನು. ನಿನ್ನೆ ಓದಿದ್ದು ಎಲ್ಲಿತ್ತು ಎಂದರೆ ಹೇಳಲಾರೆ. ಆ ಪುಸ್ತಕದ್ದಾದರೆ ಎಡಗಡೆ, ಕೆಳಗೆ, ಎಣ್ಣೆ ಕಲೆಯ ಪಕ್ಕ ಎಂದು ಇವತ್ತೂ ಹೇಳುತ್ತೇನೆ. ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋಗಿ ಅವಳ ಪಕ್ಕ ಕೂತೆ.

"ನಾ ಬಾಜೂ ಕೂಡ್ತೀನಿ. ಮೊದಲನೇ ಶಬ್ದ ಸಣ್ಣಗ ಹೇಳ್ತೀನಿ, ಮುಂದಿಂದು ನೀ ನಡಸು. ಯಾರಿಗೂ ತಿಳಿಯಂಗಿಲ್ಲ" ಎಂದೆ.

"ಬ್ಯಾಡ. ಇನ್ನ ಎಷ್ಟು ದಿನ ಅಂಜಲಿ? ನಾ ಹೇಳೇಬಿಡ್ತೀನಿ, ಮಠದಾಗ, ಎಲ್ಲಾರ ಮುಂದ. ನಿಮ್ಮವ್ವನ ಮುಂದನೂ."

ಆ ಏಳು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ನಲವತ್ತು ವರ್ಷ ಜನ ಹರಕೆ ಹೊತ್ತು ಕೇಳಿದ ಪುರಾಣ. ಕೂಸು ಬದುಕಲಿ ಎಂದು ಕೇಳಿದವರು, ಹೆಣ್ಣು ಕೂಡಿಬರಲಿ ಎಂದು ಕೇಳಿದವರು. ಅದು ಓದೇ ಅಲ್ಲ ಎಂದು ತಿಳಿದರೆ ಅವಳನ್ನು ಏನೆನ್ನುತ್ತಾರೋ, ಅವಳೊಬ್ಬಳೇ ಇರುವ ಆ ಮನೆಯ ಬಾಗಿಲಿಗೆ ಮತ್ತೆ ಯಾರು ಹೋಗುತ್ತಾರೋ. ಎಲ್ಲಕ್ಕಿಂತ, ಅವ್ವ ಏನು ಮಾಡುತ್ತಾಳೋ.

ಶ್ರಾವಣದ ಮೊದಲ ಸೋಮವಾರ ಮಠ ತುಂಬಿತ್ತು. ಗೋಡೆಯ ಮೇಲೆ ಟಿವಿ ಹೊಳೆಯುತ್ತಿತ್ತು. ಅವ್ವ ಹೆಂಗಸರ ಮುಂದಿನ ಸಾಲಿನಲ್ಲಿದ್ದಳು. ಆಯಿ ಕನ್ನಡಕ ಹಾಕಿಕೊಳ್ಳದೆ ಮೈಕಿನ ಮುಂದೆ ಕೂತಳು.

"ಓದೂದಕ್ಕ ಮೊದಲ ಒಂದು ಮಾತು ಹೇಳ್ತೀನಿ, ಕೇಳ್ರಿ. ನನಗ ಒಂದಕ್ಷರ ಬರಲ್ಲ. ಇಷ್ಟು ವರ್ಷ ನಾ ಓದೇ ಇಲ್ಲ."

ಸೆಕ್ರೆಟರಿ ಎದ್ದು ನಿಂತು ಕೈಮುಗಿದರು. ಅವರ ಕಣ್ಣು ತುಂಬಿದ್ದವು. "ಕೇಳಿದ್ರೇನ್ರೀ! ನಲವತ್ತು ವರ್ಷ ಓದಿದಾಕಿ ಒಂದಕ್ಷರ ಬರಲ್ಲ ಅಂತಾಳ. ಶರಣರ ವಿನಯ ಅಂದ್ರ ಇದು. ನಾವು ನಾಕ ಸಾಲು ಕಲತು ಎಷ್ಟು ಹಾರಾಡ್ತೀವಿ!"

ಚಪ್ಪಾಳೆ ಬಿತ್ತು. "ಅಲ್ರೀ, ನಾ ಖರೇನೇ ಹೇಳ್ಲತ್ತೀನಿ" ಎಂದಳು ಆಯಿ. ಜನ ಇನ್ನೂ ತಲೆದೂಗಿದರು. "ಇನ್ನೊಂದು ಅದ, ಒಂದು ಕಾಗದ..." ಎನ್ನುವಷ್ಟರಲ್ಲಿ ಹಿಂದೆ ಭಜನೆಯವರು ತಾಳ ಎತ್ತಿದರು. ಹೆಂಗಸರು ಪಾದ ಮುಟ್ಟಲು ಸಾಲಾಗಿ ಎದ್ದರು. ಮೊದಲು ಹೋದವಳು ನನ್ನವ್ವ. ಆಯಿಯ ಕೈ ಅವ್ವನ ತಲೆಯ ಮೇಲೆ ಬಿತ್ತು, ಬಹಳ ಹೊತ್ತು ಏಳಲಿಲ್ಲ. ಆಯಿಯ ತುಟಿ ಅಲುಗಿದ್ದು ನನಗೆ ಕಂಡಿತು. ತಾಳದ ಸದ್ದಿನಲ್ಲಿ ಅವ್ವನಿಗೆ ಏನೂ ಕೇಳಿಸಲಿಲ್ಲ, ಆಶೀರ್ವಾದವೆಂದುಕೊಂಡು ಎದ್ದು ಬಂದಳು.

ಪಕ್ಕದಲ್ಲಿ ಕೂತು ನಾನು ಮೊದಲ ಶಬ್ದ ಹೇಳಿದೆ. ಆಯಿ ಕಣ್ಣು ಮುಚ್ಚಿ ನಡೆಸಿದಳು, ಏಳೂ ದಿನ. ಟಿವಿಯಲ್ಲಿ ಸಾಲು ಒಮ್ಮೆ ಮುಂದೆ ಓಡುತ್ತಿತ್ತು, ಒಮ್ಮೆ ಹಿಂದೆ ಬೀಳುತ್ತಿತ್ತು. ಯಾರೂ ಅತ್ತ ನೋಡಲಿಲ್ಲ. ನೋಡದೇ ಓದುತ್ತಾಳೆ ಎಂದು ಊರೆಲ್ಲ ಸುದ್ದಿಯಾಯಿತು.

ಭಾದ್ರಪದದಲ್ಲಿ ಆಯಿ ಹಾಸಿಗೆ ಹಿಡಿದಳು. ಹೋಗುವ ಎರಡು ದಿನ ಮೊದಲು ನನ್ನ ಕೈ ಹಿಡಿದು, "ನನ್ನ ಬಾಯಿಂದ ಯಾರೂ ಕೇಳಲಿಲ್ಲ. ನಿಮ್ಮವ್ವಗ ನೀ ಹೇಳು" ಎಂದಳು. ಹೂಂ ಎಂದೆ.

ಹೊಲದಲ್ಲಿ ಗುಣಿ ತೋಡಿ, ನಮ್ಮಲ್ಲಿ ಮಾಡುವಂತೆ ಅವಳನ್ನು ಕೂರಿಸಿ ಇಳಿಸಿದರು. ಮಣ್ಣು ಹಾಕುವ ಮುಂಚೆ ಸೆಕ್ರೆಟರಿ ಪುರಾಣದ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದರು. "ಟಿವಿಯಾಗ ಎಲ್ಲಾ ಅದಲ್ಲ. ಬುಕ್ಕ ಆಯಿ ಸಂಗಟನೇ ಹೋಗಲಿ" ಎಂದು ಅವಳ ತೊಡೆಯ ಮೇಲೆ ಇಡಿಸಿದರು. ಗೌರವದಿಂದಲೇ ಮಾಡಿದರು. ಎಲ್ಲವನ್ನೂ ಟೈಪು ಮಾಡಿಕೊಟ್ಟವಳು ನಾನು, ಬೇಡ ಎನ್ನಲು ನನಗೆ ಯಾವ ಬಾಯಿ ಇತ್ತು? ನಾನು ಅಕ್ಷರ ಕಂಡ ಹಾಳೆಗಳ ಮೇಲೆ ಕಪ್ಪು ಮಣ್ಣು ಬಿತ್ತು. ಅವ್ವ ನನ್ನ ಪಕ್ಕದಲ್ಲೇ ನಿಂತು ಅಳುತ್ತಿದ್ದಳು.

ಅವ್ವನಿಗೆ ಇನ್ನೂ ಹೇಳಿಲ್ಲ. ವರ್ಷವಾಗುತ್ತ ಬಂತು. ಮಾವನ ಮಾತು ಬಂದಾಗ ಅವಳು ಈಗಲೂ "ಸುಳ್ಳ ಬರದ ಅಂವಾ" ಎನ್ನುತ್ತಾಳೆ. ನನ್ನ ಅಕ್ಷರಕ್ಕೆ ಬೆಲೆ ತೆತ್ತವಳು ಅವಳು, ಅಮ್ಮನನ್ನೂ ಅಣ್ಣನನ್ನೂ ಕೊಟ್ಟು. ಇದನ್ನೆಲ್ಲ ಮೊದಲು ಫೋನಿನಲ್ಲಿ ಬರೆದೆ. ನಾಲ್ಕು ಸಲ ಬರೆದು ನಾಲ್ಕು ಸಲವೂ ಅಳಿಸಿದೆ. ಒಂದು ಬೆರಳು ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಬೆಳ್ಳಗೆ. ಅದಕ್ಕೇ ಈಗ ಹಾಳೆಯ ಮೇಲೆ ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಅಚ್ಚಾದ ಮೇಲೆ ನನ್ನ ಕೈಯಲ್ಲಿ ಉಳಿಯುವುದಿಲ್ಲ. ಅವ್ವನಿಗೆ ಕನ್ನಡ ಓದಲು ಬರುವುದಿಲ್ಲ. ಪುಸ್ತಕ ಬಂದ ದಿನ ನಾನೇ ಓದಿ ಹೇಳಬೇಕು, ಒಂದು ಸಾಲೂ ಬಿಡದೆ.

ಈಗಷ್ಟೇ ಚಹಾ ತಂದಿಟ್ಟು, ಏನು ಬರೆಯುತ್ತಿದ್ದೀ ಎಂದು ಕೇಳಿದಳು. ಪುರಾಣದ ಆಯಿಯ ಬಗ್ಗೆ ಎಂದೆ.

"ಛಲೋ ಬರಿ" ಎಂದಳು ಅವ್ವ. "ಆಕಿ ಋಣ ನಮ್ಮ ಮನಿ ಮ್ಯಾಲ ಭಾ‍ಳ ಅದ."